ಏಳನೇ ವರ್ಷದ ನಂತರ ‘ಆರೂಕಾಲು ಬಸ್ಸು’ ಯಾಕೆ ನಗಿಸಲಿಲ್ಲ

ಬೆಳಿಗ್ಗೆ ಆರು ಗಂಟೆ ನಲವತ್ತೆರಡು ನಿಮಿಷಕ್ಕೆ ಕೆಟ್ಟಿತು. ಇಷ್ಟು ಖಚಿತವಾಗಿ ಹೇಳಲು ಕಾರಣವಿದೆ. ತೊಡೆಯ ಮೇಲಿದ್ದ ನೋಟ್‌ಬುಕ್ಕಿನ ಅಂಚಿನಲ್ಲಿ ನಾನು ಆಗಷ್ಟೇ ವೇಳೆ ಬರೆದಿದ್ದೆ. ಆ ಹಾಳೆಯನ್ನು ಹರಿದು ಬಿಸಾಡಬೇಕೆಂದು ಎಷ್ಟೋ ಸಲ ತೆಗೆದಿದ್ದೇನೆ, ಮತ್ತೆ ಅಲ್ಲೇ ಇಟ್ಟಿದ್ದೇನೆ.

‘ಆರೂಕಾಲು ಬಸ್ಸು’ ಅಂದರೇನು ಎಂದು ನಮ್ಮ ಜಿಲ್ಲೆಯ ಹೊರಗಿನವರಿಗೆ ಹೇಳಬೇಕು. ಅದು ಹನ್ನೊಂದು ವರ್ಷ ನಡೆದ ಹಾಸ್ಯ ಕಾರ್ಟೂನ್. ಒಂದೊಂದು ಕಂತು ಹತ್ತು ನಿಮಿಷ. ಮೊದಲು ಇಲ್ಲಿನ ಕೇಬಲ್ ಚಾನೆಲ್ಲಿನಲ್ಲಿ ಬರುತ್ತಿತ್ತು, ಆಮೇಲೆ ಎಲ್ಲರ ಫೋನಿಗೂ ಬಂತು. ಶ್ರೀನಿವಾಸಪುರದಿಂದ ಬೆಳಿಗ್ಗೆ ಆರೂಕಾಲಿಗೆ ಹೊರಟು ಕೋಲಾರಕ್ಕೆ ಬರುವ ಒಂದು ಖಾಸಗಿ ಬಸ್ಸು, ಅದರ ಬಾಯಿಬಡುಕ ಡ್ರೈವರ್, ಲೆಕ್ಕ ಬಾರದ ಕಂಡಕ್ಟರ್, ಕೋಳಿ ಬುಟ್ಟಿಯ ಅಜ್ಜಿ, ದಿನಾ ಹತ್ತುವ ನಾಲ್ಕಾರು ಜನ. ಕತೆ ಬಸ್ಸಿನಿಂದ ಕೆಳಗಿಳಿಯುತ್ತಲೇ ಇರಲಿಲ್ಲ. ಹನ್ನೊಂದು ವರ್ಷವೂ ಅದಕ್ಕೆ ಮಾತು ಬರೆದವಳು ನಾನು. ನಿವೃತ್ತಿಯಾಗಿ ಒಂದೂವರೆ ವರ್ಷವಾಯಿತು.

ಅನಿಮೇಷನ್ ಕಲಿತು ಈ ಕೆಲಸಕ್ಕೆ ಬರುವ ಮಕ್ಕಳು ನನ್ನನ್ನು ಕೇಳುವುದು ಯಾವ ಸಾಫ್ಟ್‌ವೇರ್, ಎಷ್ಟು ಸಂಬಳ, ಎಷ್ಟು ದಿನಕ್ಕೆ ಒಂದು ಕಂತು ಎಂದು. ಅದನ್ನೆಲ್ಲ ಬೇರೆಯವರು ಹೇಳುತ್ತಾರೆ. ನನಗೆ ಗೊತ್ತಿರುವುದು ಮಾತು ಎಲ್ಲಿಂದ ಬರುತ್ತದೆ ಎನ್ನುವುದು. ಅದು ಎಲ್ಲಿಗೆ ಹೋಗಿ ನಿಂತಿತು ಎನ್ನುವುದೂ ಗೊತ್ತು.

ನಮ್ಮ ಸ್ಟುಡಿಯೋ ಕೋಲಾರದಲ್ಲಿ ಒಂದು ಬೀಜ-ಗೊಬ್ಬರದ ಅಂಗಡಿಯ ಮೇಲಿತ್ತು. ಸ್ಟುಡಿಯೋ ನಡೆಸುತ್ತಿದ್ದವರು ಪ್ರಕಾಶ್ ಸರ್. ಹಿಂದೆ ಸೈನ್‌ಬೋರ್ಡು ಬರೆಯುತ್ತಿದ್ದವರು. ನಾನು ಕನ್ನಡ ಎಂ.ಎ. ಮುಗಿಸಿ, ಖಾಸಗಿ ಕಾಲೇಜಿನಲ್ಲಿ ವರ್ಷಗಟ್ಟಲೆ ಪಾಠ ಮಾಡಿ ಬೇಸತ್ತು ಅವರ ಹತ್ತಿರ ಹೋದೆ. ಮಾದರಿಗೆಂದು ಬರೆದುಕೊಟ್ಟ ಎರಡು ಹಾಳೆ ಓದಿ ಅವರು ಕೇಳಿದರು:

“ಅಮ್ಮಾ, ಈ ಅಜ್ಜಿ ಯಾವ ಯೂನಿವರ್ಸಿಟೀಲಿ ಓದಿದ್ದು?”

ನನಗೆ ಅವಮಾನವಾಯಿತು. ಅವರು ನಗಲಿಲ್ಲ. “ನಾಳೆ ಶ್ರೀನಿವಾಸಪುರಕ್ಕೆ ಹೋಗಿ ಆರೂಕಾಲು ಗಾಡಿ ಹತ್ತು. ಸುಮ್ನೆ ಕೂತ್ಕೊ. ಪೆನ್ನು ಮಾತ್ರ ತೆಗೀಬೇಡ. ಪೆನ್ನು ಕಂಡ್ರೆ ಜನ ಮಾತಾಡೋದು ಬಿಟ್ಟು ನಾಟಕ ಆಡ್ತಾರೆ. ಕೋಲಾರದಲ್ಲಿ ಇಳಿದ್ಮೇಲೆ ಏನು ತಲೇಲಿ ಉಳ್ದಿರ್ತದೋ ಅದನ್ನ ಬರಿ. ಉಳೀದೆ ಇದ್ರೆ ಅದು ಮಾತೇ ಅಲ್ಲ.”

ಇದೇ ನಮ್ಮ ಕೆಲಸದ ರೀತಿಯಾಯಿತು. ವಾರಕ್ಕೊಂದು ದಿನ, ಪೆನ್ನಿಲ್ಲದೆ. ಮೊದಲ ದಿನವೇ ಹುಂಜ ಇಟ್ಟುಕೊಂಡು ಕೂತಿದ್ದ ಒಬ್ಬ ಅಜ್ಜಿಗೆ ಕಂಡಕ್ಟರು, “ಇದುಕ್ಕೆ ಅರ್ಧ ಟಿಕೆಟ್ ತಗೋಬೇಕಮ್ಮೋ” ಎಂದ. ಅಜ್ಜಿ, “ಏಮಿರಾ ಅರ್ಧ ಟಿಕೆಟ್ಟು? ಅದು ನಿಂತ್ಕಂಡೇ ಬತ್ತಾ ಐತೆ, ಸೀಟ್ ಕೇಳ್ತಾ?” ಎಂದಳು. ನಾನು ಬಸ್ ಸ್ಟ್ಯಾಂಡಿನ ಕಟ್ಟೆಯ ಮೇಲೆ ಕೂತು ಅದನ್ನು ಹಾಗೇ ಬರೆದೆ, ಅರ್ಧ ತೆಲುಗು ಅರ್ಧ ಕನ್ನಡ. ಮೊದಲ ಕಂತು ಹುಟ್ಟಿದ್ದು ಹೀಗೆ.

ಧ್ವನಿ ವಿಭಾಗ ನಯಾಜ್ ಸಾಬರದು. ಮುಳಬಾಗಿಲಿನವರು, ಅವರ ಮನೆಯಲ್ಲಿ ತಲೆಮಾರುಗಳಿಂದ ತಾಮ್ರದ ಪಾತ್ರೆಗೆ ಕಲಾಯಿ ಹಾಕುತ್ತಿದ್ದರು. ಪಾತ್ರೆ ಬಡಿಯುವ ಕಿವಿ ಅವರಿಗೆ. ಬಸ್ಸಿನ ಗೇರು ಬೀಳುವ ಸದ್ದನ್ನು ಒಂದು ಹಳೆಯ ಬೋಸಿ ಪಾತ್ರೆ ಮತ್ತು ಕಬ್ಬಿಣದ ಸೌಟಿನಲ್ಲಿ ಮಾಡುತ್ತಿದ್ದರು. ಧ್ವನಿ ಕೊಡುವ ಎಲ್ಲರನ್ನೂ ಒಂದೇ ಕೋಣೆಯಲ್ಲಿ ಬೆಂಚಿನ ಮೇಲೆ ಒತ್ತೊತ್ತಾಗಿ ಕೂರಿಸುತ್ತಿದ್ದರು. “ಮೊಣಕೈ ತಾಗ್ಬೇಕು ಮೇಡಂ. ಮೊಣಕೈ ತಾಗ್ದೆ ಬಸ್ಸಿನ ಜಗಳ ಬರಲ್ಲ” ಎನ್ನುತ್ತಿದ್ದರು.

ತಪ್ಪುಗಳೂ ಆದವು. ಒಂದು ಕಂತಿನಲ್ಲಿ ಮಾಲೂರಿನಿಂದ ಹೆಂಚು ತರುವವನೊಬ್ಬನನ್ನು ಬಸ್ಸಿಗೆ ಹತ್ತಿಸಿ, ಇಳಿಯುವಷ್ಟರಲ್ಲಿ ಎಲ್ಲ ಹೆಂಚೂ ಪುಡಿಯಾಗುವಂತೆ ಬರೆದಿದ್ದೆ. ಮರುವಾರ ಮಾಲೂರಿನ ಹೆಂಚಿನ ಕೆಲಸದವರು ನಾಲ್ವರು ಮೆಟ್ಟಿಲು ಹತ್ತಿ ಬಂದರು. ಕೈಯಲ್ಲೊಂದು ಹೆಂಚು. “ಏನ್ ಸಾರ್, ನಮ್ ಹೆಂಚು ಬಿಸ್ಕತ್ತಾ? ಬೀಳ್ಸಿ ನೋಡಿ!” ಎಂದರು. ಪ್ರಕಾಶ್ ಸರ್ ಬೀಳಿಸಿದರು. ಹೆಂಚು ಒಡೆಯಲಿಲ್ಲ, ಅವರ ಹೆಬ್ಬೆರಳು ಒಡೆಯಿತು. ಬಂದವರೇ ಆಟೋದಲ್ಲಿ ಆಸ್ಪತ್ರೆಗೆ ಕರೆದುಕೊಂಡು ಹೋದರು. ಮುಂದಿನ ಕಂತಿನಲ್ಲಿ ಬಸ್ಸಿನ ಮೇಲೆ ಮಾಲೂರಿನ ಹೆಂಚು ಬಿದ್ದು ಬಸ್ಸಿಗೇ ತೂತಾಯಿತು. ಅವರು ಅದಕ್ಕೆ ಸಿಹಿ ಕಳಿಸಿದರು.

ಇನ್ನು ಚಲಪತಿ. ಆರೂಕಾಲು ಗಾಡಿಯ ನಿಜವಾದ ಡ್ರೈವರ್. ಕ್ಯಾಲನೂರಿನವರು. ನಮ್ಮ ಕಾರ್ಟೂನಿನ ಡ್ರೈವರನ ಮಾತಿನಲ್ಲಿ ಮುಕ್ಕಾಲು ಪಾಲು ಅವರದೇ. ಮೊದಲ ಎರಡು ವರ್ಷ ಅವರಿಗೆ ಇದು ಗೊತ್ತಿರಲಿಲ್ಲ. ಗೊತ್ತಾದ ಮೇಲೆ ನನಗಾಗಿ ಎಂಜಿನ್ ಪಕ್ಕದ ಬಾನೆಟ್ ಸೀಟನ್ನು ಕಾದಿಡತೊಡಗಿದರು. ಕತೆ ಹೇಳಿ, ಕನ್ನಡಿಯಲ್ಲಿ ನನ್ನ ಮುಖ ನೋಡುತ್ತಿದ್ದರು. ನಾನು ನಕ್ಕರೆ ಭಾನುವಾರ ಅದು ಬರುತ್ತದೆ ಎಂದು ಅವರಿಗೆ ತಿಳಿಯುತ್ತಿತ್ತು. ಪ್ರಕಾಶ್ ಸರ್ ಹೇಳಿದ್ದ ನಾಟಕ ಇದೇ. ನಾನು ಅದನ್ನು ಸ್ನೇಹ ಅಂದುಕೊಂಡೆ. ಏಳನೇ ವರ್ಷದಲ್ಲಿ ವಾರಕ್ಕೆರಡು ಕಂತು ಬೇಕೆಂದಾಗ ನನ್ನ ನೆನಪು ಸಾಲದಾಯಿತು. ನೋಟ್‌ಬುಕ್ ಹಿಡಿದುಕೊಂಡೇ ಬಸ್ಸು ಹತ್ತಲು ಶುರುಮಾಡಿದೆ. ಪ್ರಕಾಶ್ ಸರ್‌ಗೆ ಹೇಳಲಿಲ್ಲ.

ಆ ದಿನ ಕೆರೆಯ ಏರಿಯ ಮೇಲೆ ಬಸ್ಸು ಹೋಗುತ್ತಿತ್ತು. ಚಲಪತಿ ತಮ್ಮ ಬಾಮೈದನ ಕತೆ ಹೇಳುತ್ತಿದ್ದರು. “ಮಾವಿನ ತೋಪು ಕಾಯೋಕಂತ ಬೆಂಗಳೂರಿಂದ ಜಾತಿ ನಾಯಿ ತಂದ ಮೇಡಂ. ಈಗ ನಾಯಿನ ಯಾರಾನ ಕದ್ಬಿಟ್ರೆ ಅಂತ ಇವನು ತೋಪಲ್ಲಿ ಕಾಯ್ತಾ ಕೂತವ್ನೆ. ನಾಯಿ ಮನೇಲಿ ಮಲ್ಗೈತೆ.” ಇಡೀ ಬಸ್ಸು ನಕ್ಕಿತು. ನಾನು ಬರೆಯುತ್ತಿದ್ದೆ, ಆದರೆ ಅವರ ಮಾತಿನ ಓಟ ನನ್ನ ಕೈಗೆ ಸಿಗಲಿಲ್ಲ. “ಅಣ್ಣಾ, ಇನ್ನೊಂದ್ಸಲ ಹೇಳಿ, ನಿಧಾನಕ್ಕೆ” ಎಂದೆ.

ಅವರು ತಿರುಗಿದರು. ಕನ್ನಡಿಯಲ್ಲಿ ನೋಡಲಿಲ್ಲ. ಪೂರ್ತಿ ನನ್ನ ಕಡೆ ತಿರುಗಿ, ಸ್ಪಷ್ಟವಾಗಿ ಕೇಳಲಿ ಎಂದು ಬಾಯಿ ಅಗಲಿಸಿ, “ಮಾವಿನ ತೋಪು ಕಾಯೋಕಂತ...” ಎಂದರು.

ಎದುರಿನಿಂದ ಟೊಮೇಟೊ ಕ್ರೇಟಿನ ಟೆಂಪೊ ಬಂತು. ಆಮೇಲಿನದು ನನಗೆ ಇವತ್ತಿಗೂ ತುಂಡುತುಂಡಾಗಿ ಬರುತ್ತದೆ. ಮುಂದಿನ ಗಾಜಿನಲ್ಲಿ ರಸ್ತೆ ಇರಲಿಲ್ಲ, ನೀರಿತ್ತು. ಬಸ್ಸು ಏರಿಯಿಂದ ಜಾರಿ, ಒಂದು ಹೊಂಗೆ ಮರಕ್ಕೆ ಮೂತಿ ಕೊಟ್ಟು ವಾಲಿ ನಿಂತಿತು. ಮರ ಕಿರಕಿರ ಎನ್ನುತ್ತಿತ್ತು. ಯಾರೋ ಮಗುವನ್ನು ಕರೆಯುತ್ತಿದ್ದರು. ಕಂಡಕ್ಟರು, “ಯಾರೂ ಅಲ್ಲಾಡ್ಬೇಡಿ! ಹಿಂದಿನ ಬಾಗ್ಲಿಂದ ಒಬ್ಬೊಬ್ರೇ!” ಎಂದು ಕಿರುಚಿದ. ಚಲಪತಿಯ ಹೆಗಲ ಮೂಳೆ ಮುರಿದಿತ್ತು. ಅದು ಅವರ ಅಂಗಿಯ ಆಕಾರದಲ್ಲೇ ಕಾಣುತ್ತಿತ್ತು. ಅವರು ಮಾತ್ರ ಸೀಟು ಬಿಡಲಿಲ್ಲ.

“ನೀವ್ ಇಳೀರಿ ಮೇಡಂ. ಬ್ರೇಕಿಂದ ಕಾಲ್ ತೆಗುದ್ರೆ ಮರ ತಡೀಯಲ್ಲ.”

ಮೂವತ್ತೆಂಟು ಜನ ಇಳಿದೆವು. ಪಕ್ಕದ ಹೊಲದ ಟ್ರ್ಯಾಕ್ಟರು ಬಂದು ಸರಪಳಿ ಬಿಗಿಯುವ ತನಕ ಅವರು ಕಾಲು ತೆಗೆಯಲಿಲ್ಲ. ಒಬ್ಬ ಅಜ್ಜಿಯ ಮಣಿಕಟ್ಟು ಮುರಿಯಿತು, ಉಳಿದವರಿಗೆ ತರಚು ಗಾಯ. ಯಾರೂ ಸಾಯಲಿಲ್ಲ.

ಬಸ್ಸಿನ ಮಾಲೀಕರು ಮಧ್ಯಾಹ್ನ ಆಸ್ಪತ್ರೆಯ ವರಾಂಡದಲ್ಲಿ ನನ್ನನ್ನು ಕೇಳಿದರು, “ನೀವು ಪಕ್ಕದಲ್ಲೇ ಇದ್ರಂತೆ. ಏನಾಯ್ತು?”

“ನಾನು ಬರೀತಾ ಇದ್ದೆ. ನೋಡ್ಲಿಲ್ಲ” ಎಂದೆ.

ಚಲಪತಿ ನಾಯಿ ಅಡ್ಡ ಬಂತು ಎಂದು ಹೇಳಿದ್ದರು. ನಾಯಿಯನ್ನು ಬೇರೆ ಯಾರೂ ನೋಡಿರಲಿಲ್ಲ. ಫೋನಿನಲ್ಲಿದ್ದ ಎಂದು ಒಬ್ಬರು, ಕುಡಿದಿದ್ದ ಎಂದು ಇನ್ನೊಬ್ಬರು. ಹದಿನೈದು ದಿನದಲ್ಲಿ ಅವರಿಗೆ ಗಾಡಿ ಇಲ್ಲವಾಯಿತು. ಕೆಲಸಕ್ಕೆ ಕೇಳಿಕೊಂಡು ಎಲ್ಲಿ ಹೋದರೂ ಹಳೆಯ ಮಾಲೀಕರಿಗೆ ಫೋನ್ ಹೋಗುತ್ತಿತ್ತು. ಕೊನೆಗೆ ಕ್ಯಾಲನೂರಿನ ಹಾಲಿನ ಡೇರಿಯಲ್ಲಿ ಕ್ಯಾನು ತೊಳೆಯುತ್ತಿದ್ದಾರೆ ಎಂದು ಕೇಳಿದೆ. ನನ್ನ ಒಂದು ವಾಕ್ಯ ಸಾಕಿತ್ತು. ನಾನು ಹೇಳಲಿಲ್ಲ. ಪ್ರಕಾಶ್ ಸರ್‌ಗೂ ಹೇಳಲಿಲ್ಲ.

ಆ ದಿನದಿಂದ ನಾನು ಬಸ್ಸು ಹತ್ತಲಿಲ್ಲ. ರಾತ್ರಿ ನಿದ್ದೆಯೂ ಸರಿಯಾಗಿ ಬರುತ್ತಿರಲಿಲ್ಲ, ಬೆಳಕು ಹರಿಯುವ ಮೊದಲೇ ಎದ್ದು ಕೂರುತ್ತಿದ್ದೆ. ಮೇಜಿನ ಮುಂದೆ ಕೂತು ಬರೆದೆ. ಮೊದಲು ಯಾರಿಗೂ ಗೊತ್ತಾಗಲಿಲ್ಲ. ಆಮೇಲೆ ಬೆಂಗಳೂರಿನ ಚಾನೆಲ್ಲೊಂದು ನಮ್ಮನ್ನು ತೆಗೆದುಕೊಂಡಿತು. ಅವರ ಮ್ಯಾನೇಜರ್ ಬಂದು, ಎಲ್ಲ ಜಿಲ್ಲೆಗೂ ಅರ್ಥವಾಗಬೇಕು, ತೆಲುಗು ತೆಗೆಯಿರಿ ಎಂದ. ಪ್ರಕಾಶ್ ಸರ್ ಜಗಳಕ್ಕೆ ನಿಂತರು. ನಾನು ಒಪ್ಪಿಕೊಂಡೆ. ನಿಜ ಹೇಳಬೇಕೆಂದರೆ ನನಗೆ ಹಾಯೆನಿಸಿತು, ಮಾತು ಸಪ್ಪೆಯಾದರೆ ಈಗ ಬೇರೆ ಕಾರಣ ಸಿಕ್ಕಿತಲ್ಲ ಎಂದು. ಕೈಯಲ್ಲಿ ಬರೆಯುತ್ತಿದ್ದ ಚಿತ್ರಗಳು ಕಂಪ್ಯೂಟರಿಗೆ ಹೋದವು. ಧ್ವನಿಯವರು ಒಬ್ಬೊಬ್ಬರಾಗಿ ತಮ್ಮ ತಮ್ಮ ಮನೆಯಿಂದ ರೆಕಾರ್ಡು ಮಾಡಿ ಕಳಿಸತೊಡಗಿದರು. ನಯಾಜ್ ಸಾಬರು ಬೋಸಿಯನ್ನು ಮನೆಗೆ ಒಯ್ದರು. ಪ್ರತಿಯೊಂದು ಬದಲಾವಣೆಯ ಹಿಂದೆಯೂ ನಾನು ಅಡಗಿಕೊಂಡೆ.

ನಿವೃತ್ತಿಯಾದ ಮೇಲೆ ಒಂದು ಭಾನುವಾರ ಕೋಲಾರದಲ್ಲಿ ಅಭಿಮಾನಿಗಳು ಸಭೆ ಸೇರಿದರು. ನನಗೂ ಕರೆ ಬಂತು. ಗ್ರಂಥಾಲಯದ ಹಾಲಿನಲ್ಲಿ ಐವತ್ತು ಜನರಿದ್ದರು. ಗೋಡೆಗೆ ಬ್ಯಾನರ್ ಕಟ್ಟಿದ್ದರು: “ನಮ್ ಬಸ್ಸು ಕೆಟ್ಟಿದ್ದೆಲ್ಲಿ?” ಚಿಕ್ಕವರಿದ್ದಾಗ ನೋಡಿ ಬೆಳೆದವರೇ ಹೆಚ್ಚು. ಈಗ ಮೀಸೆ, ಮಗು, ಕೆಲಸದ ಐಡಿ ಕಾರ್ಡು.

ವೇಮಗಲ್ ಕಡೆಯ ಫ್ಯಾಕ್ಟರಿಯೊಂದರಲ್ಲಿ ಸಾರಿಗೆ ವಿಭಾಗ ನೋಡಿಕೊಳ್ಳುವ ಮಂಜುನಾಥ ಮೊದಲು ಎದ್ದ. “ಕಂಪ್ಯೂಟರ್ ಬಂತು, ಕೆಟ್ಟೋಯ್ತು. ಹಳೇ ಬಸ್ಸಿಗೆ ನಾಲ್ಕು ಗಾಲೀಲಿ ಒಂದು ಸೊಟ್ಟಗಿರ್ತಿತ್ತು. ಈಗ ನಾಲ್ಕೂ ದುಂಡಗೈತೆ. ದುಂಡಗಿರೋ ಗಾಲಿ ನೋಡಿ ಯಾವನ್ ನಗ್ತಾನೆ?”

“ಗಾಲಿ ಅಲ್ಲಪ್ಪಾ, ಬಾಯಿ!” ಎಂದರು ಬೈರಕೂರಿನಿಂದ ಬಂದಿದ್ದ ಮಾವಿನ ತೋಟದ ಯಜಮಾನರು. “ನಮ್ ಅಜ್ಜಿ ‘ಏಮಿರಾ’ ಅಂತಿದ್ಲು. ಈಗ ‘ಏನಪ್ಪಾ ಸಮಾಚಾರ’ ಅಂತಾಳೆ. ನಮ್ ಬೈರಕೂರಲ್ಲಿ ಹಂಗಂದ್ರೆ ಹುಷಾರಿಲ್ವಾ ಅಂತ ಕೇಳ್ತಾರೆ.”

“ವಾರಕ್ಕೆರಡು ಮಾಡಿದ್ದೇ ತಪ್ಪು ಕಣ್ರೀ.”

“ಲೇ, ನಿಂಗ್ ವಯಸ್ಸಾಯ್ತು ಕಣೋ, ಅದುಕ್ಕೆ ನಗು ಬರ್ತಿಲ್ಲ!”

ಹಾಲ್ ತುಂಬ ನಗು. ನಾನೂ ನಕ್ಕೆ. ಎಲ್ಲರೂ ಒಂದೊಂದು ಕಾರಣ ಹೇಳುತ್ತಿದ್ದರು, ಎಲ್ಲವೂ ನಿಜವೇ, ಯಾವುದೂ ನನ್ನ ಹತ್ತಿರ ಬರುತ್ತಿರಲಿಲ್ಲ. ಆಗ ಮುಳಬಾಗಿಲಿನ ಅಸ್ಮಾ ಎದ್ದಳು. ತಂದೆಯ ಬಳೆ ಅಂಗಡಿಯಲ್ಲಿ ಕೂರುವ ಹುಡುಗಿ. ಗಿರಾಕಿ ಇಲ್ಲದ ಹೊತ್ತಿನಲ್ಲಿ ಎಲ್ಲ ಕಂತುಗಳನ್ನೂ ಎರಡೆರಡು ಸಲ ನೋಡಿದ್ದಳಂತೆ.

“ಗಾಲಿ, ಬಾಯಿ ಎಲ್ಲ ಎಂಟನೇ ವರ್ಷದ್ದು. ಅದುಕ್ ಮುಂಚೇನೇ ಕೆಟ್ಟಿತ್ತು” ಎಂದಳು. “ಏಳನೇ ವರ್ಷ, ಮಾವಿನ ಸೀಸನ್ ಕಂತು. ಅಲ್ಲೀತನಕ ಡ್ರೈವರ್ ಹಿಂದಕ್ಕೆ ತಿರುಗಿ ಮಾತಾಡ್ತಿದ್ದ. ಆಮೇಲೆ ಒಂದ್ಸಲಾನೂ ತಿರುಗಿಲ್ಲ. ಬರೀ ಬೆನ್ನು. ಮಾತೂ ಇಲ್ಲ, ಹೂಂ ಅಂತಾನೆ, ಇಲ್ಲ ಹಾರ್ನ್ ಹೊಡೀತಾನೆ. ನಾಲ್ಕು ವರ್ಷ ಒಬ್ಬ ಮನುಷ್ಯನ ಮುಖ ಯಾಕೆ ತೋರ್ಸಿಲ್ಲ ಮೇಡಂ? ಮಾತು ಬರೆಯೋರು ನೀವು. ನೀವೇ ಹೇಳ್ಬೇಕು.”

ಐವತ್ತು ಮುಖಗಳು ನನ್ನ ಕಡೆ ತಿರುಗಿದವು. ಡ್ರೈವರ್ ತಿರುಗುವ ದೃಶ್ಯ ಬರೆಯಲು ಹೋದಾಗೆಲ್ಲ ಗಾಜಿನಲ್ಲಿ ನೀರು ಕಾಣುತ್ತಿತ್ತು. ಅದಕ್ಕೇ ಅವನನ್ನು ತಿರುಗಿಸಲಿಲ್ಲ. ಇದನ್ನು ಮನೆಯಲ್ಲಿ ಯಜಮಾನರಿಗೂ ಹೇಳಿರಲಿಲ್ಲ. ಅಲ್ಲಿ ಹೇಳಿದೆ. ಪೆನ್ನು ತೆಗೆದದ್ದು, ಇನ್ನೊಂದು ಸಲ ಹೇಳಿ ಎಂದದ್ದು, ಬ್ರೇಕಿನ ಮೇಲಿದ್ದ ಕಾಲು, ಆಸ್ಪತ್ರೆಯ ವರಾಂಡದಲ್ಲಿ ನಾನು ಆಡಿದ ಸುಳ್ಳು. ಹೇಳಿ ಮುಗಿಸಿದೆ. ಕುರ್ಚಿಯೊಂದು ಸರಿದ ಸದ್ದಾಯಿತು. ಮಂಜುನಾಥ ಎದ್ದು ನಿಂತಿದ್ದ.

“ಯಾವ ಚಲಪತಿ? ಕ್ಯಾಲನೂರು ಡೇರಿಯವ್ರಾ?”

“ಹೌದು.”

“ಹೋದ ವರ್ಷ ನಮ್ ಫ್ಯಾಕ್ಟರಿ ಬಸ್ಸಿಗೆ ಕೇಳ್ಕೊಂಡು ಬಂದಿದ್ರು. ಹಳೇ ಮಾಲೀಕ್ರಿಗೆ ಫೋನ್ ಮಾಡ್ದೆ, ಬೇಡ ಅಂದ್ರು. ನಾನೇ ವಾಪಸ್ ಕಳಿಸ್ದೆ ಮೇಡಂ.” ಅವನು ಕೂತುಕೊಂಡ. “ನಾನೇ ಕಳಿಸ್ದೆ.”

ಅಸ್ಮಾ ನನ್ನ ಹತ್ತಿರ ಬಂದು ಚರ್ಚೆಯ ಟಿಪ್ಪಣಿಗೆಂದು ತಂದಿದ್ದ ಬಿಳಿ ಹಾಳೆಯನ್ನು ಮುಂದಿಟ್ಟಳು. “ಅಳ್ಬೇಡಿ ಮೇಡಂ. ಈಗ ಹೇಳಿದ್ದನ್ನ ಹಂಗೇ ಬರೀರಿ, ಸೈನ್ ಹಾಕಿ. ಹೇಳಿದ್ದು ಇಲ್ಲೇ ಉಳ್ಕೊಂಡ್ರೆ ಅವ್ರಿಗೇನ್ ಬಂತು?”

ನನ್ನ ಕೆಲಸದ ಬದುಕಿನಲ್ಲಿ ಬರೆದ ಅತಿ ಸುಲಭದ ಒಂದೂವರೆ ಪುಟ ಅದು. ಒಂದು ಪದವೂ ಹುಡುಕಬೇಕಾಗಲಿಲ್ಲ.

ಮರುದಿನ ಕ್ಯಾಲನೂರಿಗೆ ಹೋದೆ, ಯಜಮಾನರ ಸ್ಕೂಟರಿನಲ್ಲಿ. ಬೆಳಗಿನ ಹಾಲು ಅಳೆದು ಮುಗಿದಿತ್ತು. ಚಲಪತಿ ಕ್ಯಾನು ಬೋರಲು ಹಾಕುತ್ತಿದ್ದರು. ಕೂದಲು ಪೂರ್ತಿ ಬೆಳ್ಳಗಾಗಿತ್ತು. ನಾನು ಹಾಳೆ ಕೊಟ್ಟೆ. ಅವರು ಓದಲಿಲ್ಲ, ಕೈ ಒದ್ದೆಯಿದೆ, ನೀವೇ ಓದಿ ಎಂದರು. ಓದಿದೆ.

“ಇಷ್ಟೇನಾ?” ಎಂದರು. “ನೀವ್ ಕೇಳಿದ್ರಿ, ಸರಿ. ತಿರುಗಿದ್ ತಲೆ ಯಾರ್ದು ಮೇಡಂ? ನಂದೇ ಅಲ್ವಾ?”

“ಆವತ್ತೇ ನನ್ನ ಹೆಸರು ಯಾಕೆ ಹೇಳಲಿಲ್ಲ?”

“ಹೇಳಿದ್ರೆ ನಿಮ್ ಪ್ರೋಗ್ರಾಂ ನಿಂತೋಗ್ತಿತ್ತು. ನಮ್ ಗಾಡಿ ಟೀವೀಲಿ ಬರೋದು ನಿಂತೋಗ್ತಿತ್ತು.” ಕ್ಯಾನಿನ ಮುಚ್ಚಳ ಹಾಕಿ ನನ್ನನ್ನು ನೋಡಿದರು. “ಆದ್ರೆ ಒಂದ್ ಮಾತು. ನಾಲ್ಕ್ ವರ್ಷ ನನ್ ಬೆನ್ನೇ ತೋರ್ಸಿದ್ರಲ್ಲ, ನಮ್ ಮೊಮ್ಮಗಳು ಕೇಳ್ತಾಳೆ, ತಾತಂಗೆ ಮುಖ ಬರೆಯೋಕೆ ಬಣ್ಣ ಖಾಲಿ ಆಗಿತ್ತಾ ಅಂತ. ಏನ್ ಹೇಳ್ಲಿ?”

ನಾನು ಹಾಳೆ ಮಡಿಸಿದೆ. ಅವರೇ ನಕ್ಕರು. ಆಮೇಲೆ ತಗ್ಗಿದ ದನಿಯಲ್ಲಿ, “ಗಾಡಿ ಕೊಡ್ತಾರಾ?” ಎಂದು ಕೇಳಿದರು.

ಹಳೆಯ ಮಾಲೀಕರು ಆ ಹಾಳೆಯನ್ನು ಎರಡು ಸಲ ಓದಿದರು. “ಇಷ್ಟು ವರ್ಷ ಎಲ್ಲಿದ್ರಮ್ಮಾ?” ಎಂದರು. ಹಾಳೆಯನ್ನು ಮೇಜಿನ ಮೇಲಿಟ್ಟು, “ತಿರುಗಿದ್ದು ಅವನ ತಪ್ಪೇ” ಎಂದರು.

“ಹೌದು. ಕಾಲು ತೆಗೀದೆ ಇದ್ದದ್ದೂ ಅವರೇ.”

ಅವರು ಕಿಟಕಿಯಾಚೆ ನೋಡಿದರು. ತಮ್ಮ ಬಸ್ಸು ಕೆರೆಗೆ ಬೀಳದೆ ಉಳಿದದ್ದು ಮರದಿಂದ ಎಂದೇ ಅವರು ಅಂದುಕೊಂಡಿದ್ದರಂತೆ. ಫ್ಯಾಕ್ಟರಿಗೆ ಕೊಡುವ ಪತ್ರವನ್ನು ತಾವೇ ಕೂತು ಬರೆದರು, ನನ್ನಿಂದ ಬರೆಸಲಿಲ್ಲ.

ಮಂಜುನಾಥ ನಿಯಮ ಬಿಡಲಿಲ್ಲ, ಬಿಡಬಾರದಿತ್ತು ಕೂಡ. ಕಣ್ಣಿನ ಪರೀಕ್ಷೆ, ಲೈಸೆನ್ಸ್ ನವೀಕರಣ, ಹದಿನೈದು ದಿನ ಬೇರೆ ಡ್ರೈವರಿನ ಪಕ್ಕದಲ್ಲಿ ಕೂತು ಓಡಿಸುವುದು, ಎಲ್ಲ ಆಯಿತು. ಕೊನೆಗೆ ಒಂದು ಮಧ್ಯಾಹ್ನ ಅವನ ಫೋನ್ ಬಂತು. “ಇವತ್ತು ಎರಡನೇ ಶಿಫ್ಟು ಚಲಪತಿ ಸಾರ್ ಒಬ್ರೇ ತಗೊಂಡ್ ಬರ್ತಾರೆ. ಕೋಲಾರದಿಂದ ನೀವೂ ಹತ್ತಿ. ಅತಿಥಿ ಅಂತ ಬರ್ಕೊಂಡಿದೀನಿ.”

ಆ ಬೆಳಿಗ್ಗೆಯ ನಂತರ ನಾನು ಬಸ್ಸಿನ ಮೆಟ್ಟಿಲು ಮುಟ್ಟಿರಲಿಲ್ಲ. ಹತ್ತಿದೆ. ಮಧ್ಯದ ಸೀಟಿನಲ್ಲಿ ಕೂತು ಮುಂದಿನ ಕಂಬಿ ಹಿಡಿದುಕೊಂಡೆ. ಬಸ್ಸು ಊರು ದಾಟಿತು. ಎದುರಿನಿಂದ ಲಾರಿ ಬಂದಾಗಲೆಲ್ಲ ಕಂಬಿಯನ್ನು ಇನ್ನೂ ಗಟ್ಟಿಯಾಗಿ ಹಿಡಿದೆ. ಯಾರೋ ಹುಡುಗಿ ಮುಂದಿನಿಂದ ಕೂಗಿದಳು, “ಅಂಕಲ್, ನೀವು ಕತೆ ಹೇಳ್ತೀರಂತೆ, ಹೇಳಿ!”

ಚಲಪತಿಯ ತಲೆ ಅಲುಗಲಿಲ್ಲ. “ಸ್ಟಾಪಲ್ಲಿ” ಎಂದರು.

ಮುಂದಿನ ಸ್ಟಾಪಿನಲ್ಲಿ ಬಸ್ಸು ನಿಂತಿತು. ಅವರು ಹ್ಯಾಂಡ್ ಬ್ರೇಕ್ ಎಳೆದು, ಎಂಜಿನ್ ಆರಿಸಿ, ಆಮೇಲೆ ಪೂರ್ತಿ ಹಿಂದಕ್ಕೆ ತಿರುಗಿ ಕೂತರು. ಡೇರಿಗೆ ನೀರು ಬೆರೆಸಿದ ಹಾಲು ತಂದು, ನಮ್ಮ ಹಸು ಮಳೇಲಿ ನೆಂದಿತ್ತು ಎಂದವಳ ಕತೆ. ನಲವತ್ತು ಜನ ನಕ್ಕರು. ಇಳಿಯಬೇಕಾದವರು ಇಳಿಯದೆ ನಿಂತರು. ಹಿಂದಿನ ಗಾಡಿಯವನು ಹಾರ್ನ್ ಹೊಡೆದ. ಅವರು ಮುಂದಕ್ಕೆ ತಿರುಗಿ ಬಸ್ಸು ಹೊರಡಿಸಿದರು. ಕಂಬಿಯಿಂದ ನನ್ನ ಕೈ ಯಾವಾಗ ಬಿಟ್ಟುಹೋಗಿತ್ತೋ ನನಗೆ ತಿಳಿಯಲಿಲ್ಲ.

ಹೊಸದಾಗಿ ಬರೆಯುವವರಿಗೆ ನಾನು ಹೇಳಬೇಕಾದದ್ದು ಆ ಸ್ಟಾಪಿನಲ್ಲಿದೆ. ನಿಮಗೆ ಮಾತು ಕೊಡುವವರಿಗೆ ಮಾಡಲು ಅವರದೇ ಒಂದು ಕೆಲಸವಿರುತ್ತದೆ. ಗಾಡಿ ನಿಲ್ಲುವ ತನಕ ಕಾಯಿರಿ. ಏಳನೇ ವರ್ಷದ ನಂತರ ನಮ್ಮ ಕಾರ್ಟೂನು ಕೆಟ್ಟದ್ದು ಯಾಕೆ ಎಂದು ಅಭಿಮಾನಿಗಳು ಇನ್ನೂ ವಾದ ಮಾಡುತ್ತಲೇ ಇದ್ದಾರೆ. ಮಂಜುನಾಥ ಈಗಲೂ ಗಾಲಿಯದೇ ತಪ್ಪು ಎನ್ನುತ್ತಾನೆ. ಅಸ್ಮಾ ಮತ್ತು ಇನ್ನಿಬ್ಬರು ಸೇರಿ ಹೊಸದೊಂದನ್ನು ಮಾಡುತ್ತೇವೆ ಎಂದು ಹೊರಟಿದ್ದಾರೆ. ಮುಳಬಾಗಿಲಿನ ಬಳೆ ಅಂಗಡಿಯದು. ಮೊದಲ ಕಂತಿನ ಮಾತು ಬರೆದು ಕಳಿಸಿದ್ದಳು, ಓದಿ ಜೋರಾಗಿ ನಕ್ಕೆ.

ಚಲಪತಿಯ ಬಸ್ಸು ಹತ್ತಿದ ಆ ದಿನ ಸಂಜೆ ವೇಮಗಲ್‌ನಿಂದ ಮನೆಗೆ ಬಂದು, ಸಾರು ಅನ್ನ ಉಂಡು ಮಲಗಿದೆ. ಬೆಳಿಗ್ಗೆ ಕಣ್ಣು ಬಿಟ್ಟಾಗ ಬಿಸಿಲು ಮಂಚದ ಕಾಲಿಗೆ ಬಂದಿತ್ತು. ಯಜಮಾನರು ಪಕ್ಕದಲ್ಲಿ ನಿಂತು ಗಾಬರಿಯಿಂದ ನನ್ನ ಹಣೆ ಮುಟ್ಟಿ ನೋಡುತ್ತಿದ್ದರು.

“ಜ್ವರ ಇಲ್ಲ” ಎಂದೆ. “ನಿದ್ದೆ ಬಂದಿತ್ತು.”